ನಲವತ್ತೇಳನೇ ಹುಡುಗಿ

ತಿಪ್ಪೇಶನ ಮೇಲೆ ಅಂಬಿಕಾಗೆ ಅನುಮಾನ ಹುಟ್ಟಿದ್ದು ಸುಮ್ಮಸುಮ್ಮನೆ ಅಲ್ಲ. ಅವಳು ಹತ್ತಿರ ಬಂದರೆ ಸಾಕು, ಪುಣ್ಯಾತ್ಮ ಲ್ಯಾಪ್‌ಟಾಪಿನ ಸ್ಕ್ರೀನನ್ನು ಗೋಡೆ ಕಡೆ ತಿರುಗಿಸುತ್ತಿದ್ದ. ಆಮೇಲೆ ಅವಳನ್ನೇ ಕದ್ದು ನೋಡುತ್ತಿದ್ದ. ಸಿಕ್ಕಿಬಿದ್ದರೆ ಫ್ಯಾನ್ ನೋಡುತ್ತಿದ್ದ.

ಹೊನ್ನಾಳಿಯ ಆ ವಧು-ವರರ ಕೇಂದ್ರದಲ್ಲಿ ಕೆಲಸಕ್ಕಿದ್ದೋರೇ ಇವರಿಬ್ಬರು. ನ್ಯಾಮತಿಯಿಂದ ಬಸ್ಸಲ್ಲಿ ಬರುವ ಅಂಬಿಕಾ, ಹುಡುಗ ಹುಡುಗಿಯರ ವಿವರಗಳನ್ನು ಎಕ್ಸ್‌ಎಂಎಲ್ ಫೈಲಿಗೆ ತುಂಬಬೇಕು. ಹೆಸರು, ಓದು, ಎತ್ತರ, ಬರೀ ಒಣ ಅಕ್ಷರ. ಅದರಲ್ಲಿ ಯಾವುದನ್ನು ತೋರಿಸಬೇಕು, ಹೆಂಗೆ ಸಿಂಗರಿಸಬೇಕು ಅಂತ ಸ್ಟೈಲ್‌ಶೀಟ್ ಬರೆದು, ಚೆಂದದ ಎಚ್‌ಟಿಎಂಎಲ್ ಪುಟ ಮಾಡಿ ವೆಬ್‌ಸೈಟಿಗೆ ಹಾಕೋದು ತಿಪ್ಪೇಶನ ಕೆಲಸ.

ಮನೆಯವರ ಕಾಟಕ್ಕೆ ಇಬ್ಬರ ವಿವರವೂ ಆ ಫೈಲಿಗೆ ಸೇರಿತ್ತು. ತಿಪ್ಪೇಶನದು ಹನ್ನೆರಡನೇ ನಂಬರು, ಅಂಬಿಕಾಳದು ನಲವತ್ತೇಳು. ಮೂರು ತಿಂಗಳಾದರೂ ಅವಳಿಗೆ ಒಂದು ಫೋನಿಲ್ಲ. ಅವ್ವ ಕಣ್ಣೀರಿಟ್ಟಳು. ಅಂಬಿಕಾ ಕನ್ನಡಿ ಮುಂದೆ ನಿಂತು ಕೊರಗಿದಳು. ಫೈಲಲ್ಲಿ ಹೆಸರಿದ್ದ ಮೇಲೆ ಪುಟ ತೆಗೆದು ನೋಡುವ ಯೋಚನೆ ಯಾರಿಗೆ ಬರುತ್ತದೆ ಹೇಳಿ? ಕೊನೆಗೊಮ್ಮೆ ಮೊಬೈಲಲ್ಲಿ ನೋಡಿದರೆ, ನಲವತ್ತಾರು ಆದಮೇಲೆ ನಲವತ್ತೆಂಟು.

ಮರುದಿನ ತಿಪ್ಪೇಶ ಟೀ ಕುಡಿಯಾಕೆ ಹೋದಾಗ ಅವನ ಸ್ಟೈಲ್‌ಶೀಟ್ ತೆರೆದಳು. ನಡುವೆ ಒಂದು ಸಾಲಿತ್ತು: ನಲವತ್ತೇಳು ಬಂದರೆ ಬಿಟ್ಟು ಮುಂದೆ ಹೋಗು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಬಂದವನಿಗೆ ಸ್ಕ್ರೀನ್ ತೋರಿಸಿ, "ಇದೇನ್ರೀ?" ಅಂದಳು.

ತಿಪ್ಪೇಶನ ಕಿವಿ ಕೆಂಪಾದವು. "ನಿಮ್ಮನ್ನ ಯಾರಾದ್ರೂ ಒಪ್ಕೊಂಡು ಹೋಗಿಬಿಟ್ರೆ ಅಂತ ಹೆದರಿಕೆ ಆತು. ನೀವಂದ್ರೆ ನಂಗೆ ಜೀವ. ಹೇಳಾಕೆ ಧೈರ್ಯ ಬರಲಿಲ್ಲ."

ಅಂಬಿಕಾಳ ಎದೆ ಡವಡವ ಅಂದಿತು. ಸಿಟ್ಟು ಮಾತ್ರ ಇಳಿಯಲಿಲ್ಲ. "ನಾನು ಯಾರಿಗೂ ಬ್ಯಾಡಾದೋಳು ಅನ್ಕಂಡಿದ್ದೆ. ತೆಗೀರಿ ಅದನ್ನ."

ಅವನು ತೆಗೆದ. ನ್ಯಾಮತಿಗೆ ಹೋಗಿ ಅವಳ ಅವ್ವನ ಮುಂದೂ ತಪ್ಪೊಪ್ಪಿಕೊಂಡು, ಚೆನ್ನಾಗಿ ಬೈಸಿಕೊಂಡು ಬಂದ. ವಾರದೊಳಗೆ ಚನ್ನಗಿರಿಯಿಂದ ಎರಡು, ಜಗಳೂರಿಂದ ಒಂದು ಸಂಬಂಧ ಬಂದವು. ಎಲ್ಲವನ್ನೂ ತಿಪ್ಪೇಶನೇ ಪ್ರಿಂಟ್ ತೆಗೆದು, ಒಂದಕ್ಷರ ಮುಚ್ಚಿಡದೆ ಅವಳ ಮೇಜಿನ ಮೇಲಿಟ್ಟ. ಸ್ಕ್ರೀನೂ ಈಗ ಅವಳ ಕಡೆಗೇ ತಿರುಗಿತ್ತು.

ಅಂಬಿಕಾ ಮೂರನ್ನೂ ಓದಿದಳು. ಓದುವಾಗೆಲ್ಲ ಆ ಕೆಂಪು ಕಿವಿಗಳೇ ನೆನಪಾದವು, ಏನು ಮಾಡೋದು. ಸೋಮವಾರ ಬಂದವಳೇ ಅವನನ್ನು ಎಬ್ಬಿಸಿ, ಅವನ ಕುರ್ಚಿಯಲ್ಲಿ ಕೂತು, ಅಳಿಸಿದ ಸಾಲನ್ನು ತಾನೇ ಮತ್ತೆ ಟೈಪ್ ಮಾಡಿದಳು. ನಲವತ್ತೇಳರ ಪಕ್ಕ ಸ್ವಲ್ಪ ಜಾಗ ಬಿಟ್ಟು ತಲೆಯೆತ್ತಿದಳು.

"ಇಲ್ಲಿ ಹನ್ನೆರಡನ್ನೂ ಸೇರಿಸ್ಲೇನ್ರೀ? ನಾನು ಕೇಳಿ ಮಾಡೋಳು."