ಎಲ್ಲೋ ಎರಡು, ಎಲ್ಲೋ ಒಂದು

“ಇದೇನಿದು?” ಎಂದು ಅಮ್ಮ ತನ್ನ ಫೋನನ್ನು ಆಗಷ್ಟೇ ಸ್ಕೂಲಿಂದ ಬಂದ ಬುಗುರಿಯ ಮೂಗಿನ ಮುಂದೆ ಹಿಡಿದಳು.

ಪರದೆಯ ತುಂಬ ಪುಟ್ಟ ಪುಟ್ಟ ಚೌಕಗಳು. ಅಕ್ಷರ ಅನ್ನುವುದು ಒಂದೂ ಇಲ್ಲ. ಚೌಕಗಳ ನಡುವೆ ಒಂದು 2 ಇತ್ತು. ಇನ್ನಷ್ಟು ಚೌಕಗಳಾದ ಮೇಲೆ ಒಂದು 1. ಆ 2ರ ಬಾಲದ ತುದಿಗೆ ಚಿಕ್ಕದೊಂದು ಹೃದಯ ಅಂಟಿಕೊಂಡಿತ್ತು.

“ಮೆಸೇಜು,” ಎಂದಳು ಬುಗುರಿ.

“ಮೆಸೇಜು ಅಂತ ನಂಗೂ ಗೊತ್ತು. ಬಸ್ ಓಡ್ಸೋ ಅಕ್ಕ ಕಳ್ಸಿದಾರೆ. ಎಲ್ಲೋ ಎರಡು ಇಂಚು, ಎಲ್ಲೋ ಒಂದು ಇಂಚು. ಎಲ್ಲಿ ಅಂತ ಯಾರನ್ನ ಕೇಳ್ಲಿ? ಈ ಕಿಟಕಿಗಳನ್ನಾ?”

ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೇಜಿನ ಮೇಲೆ ನೀಲಿ ಕೋಟು ಕಚ್ಚಾ ಹೊಲಿಗೆಯಲ್ಲಿ ಮಲಗಿತ್ತು. ಬಸ್ ಓಡಿಸುವ ಅಕ್ಕ ನಿನ್ನೆ ಅದನ್ನು ಹಾಕಿ ನೋಡಿ, “ಮನೇಲಿರೋ ಹಳೇ ಕೋಟು ಅಳ್ದು, ಎಲ್ಲಿ ಎಷ್ಟು ಸರಿ ಮಾಡ್ಬೇಕು ಅಂತ ಮೆಸೇಜ್ ಹಾಕ್ತೀನಿ” ಎಂದು ಹೋಗಿದ್ದಳು. ನಾಳೆ ಬೆಳಿಗ್ಗೆ ಅವಳಿಗೆ ಇಂಟರ್‌ವ್ಯೂ. ಪಾಸಾದರೆ ಹೊಸ ಡ್ರೈವರ್‌ಗಳಿಗೆ ಪಾಠ ಹೇಳುವ ಕೆಲಸ. ಇವತ್ತು ಸಂಜೆ ಡ್ಯೂಟಿ ಮುಗಿಸಿ ಸೀದಾ ಬಂದು ಕೋಟು ಒಯ್ಯುತ್ತಾಳೆ. ಸ್ಟಿಯರಿಂಗ್ ಹಿಡಿದರೆ ಅವಳು ಫೋನ್ ಆಫ್ ಮಾಡಿಬಿಡುತ್ತಾಳೆ. ಅಮ್ಮ ಆಗಲೇ ಫೋನ್ ಮಾಡಿ ನೋಡಿ ಆಗಿತ್ತು.

“ಕತ್ತರಿ ಹಾಕಿದ್ಮೇಲೆ ಬಟ್ಟೆ ವಾಪಸ್ ಬೆಳೆಯಲ್ಲ ಕಣೇ. ಏನ್ ಮಾಡಿದೆ ಹೇಳು.”

“ನಾನೇ ಅಂತ ಹೆಂಗೆ ಹೇಳ್ತೀಯ?”

“ಎರಡಕ್ಕೆ ಹೃದಯ ಬಿಡಿಸೋಷ್ಟು ಪುರುಸೊತ್ತು ಈ ಮನೇಲಿ ಇನ್ಯಾರಿಗಿದೆ?”

ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ ಅವಳು ಫೋನಿಗೆ ಹೊಸ ಫಾಂಟ್ ಹಾಕಿದ್ದಳು. ಡೌನ್‌ಲೋಡ್ ಮಾಡುವಾಗ ತೋರಿಸಿದ ಎ, ಬಿ, ಸಿ ಎಷ್ಟು ಮುದ್ದಾಗಿದ್ದವು! ಅದನ್ನು ಮಾಡಿದವರು ಕನ್ನಡದ ಅಕ್ಷರಗಳನ್ನು ಮಾಡುವ ಗೋಜಿಗೇ ಹೋಗಿಲ್ಲ ಎಂದು ಅವಳಿಗೇನು ಗೊತ್ತು? ಅಷ್ಟರಲ್ಲಿ ಸ್ಕೂಲ್ ವ್ಯಾನ್ ಹಾರನ್ ಹೊಡೆದಿತ್ತು.

“ಎರಡೇ ನಿಮಿಷ ಅಮ್ಮ,” ಎಂದು ಫೋನನ್ನು ಆಫ್ ಮಾಡಿ ಆನ್ ಮಾಡಿದಳು. ಚೌಕಗಳು ಸ್ವಲ್ಪ ವಿಶ್ರಾಂತಿ ಪಡೆದು ಮತ್ತೆ ಬಂದವು.

ಸೆಟ್ಟಿಂಗ್ಸ್ ತೆರೆದಳು. ಅಲ್ಲೂ ಸಾಲು ಸಾಲು ಚೌಕಗಳೇ. ಅಂದಾಜಿನಲ್ಲಿ ಒಂದನ್ನು ಒತ್ತಿದಳು. ಪರದೆ ಕಪ್ಪಾಯಿತು. ಹೇಗೋ ಅದನ್ನು ಸರಿಮಾಡಿ ಇನ್ನೊಂದನ್ನು ಒತ್ತಿದಳು. “ಕೊಕ್ಕೊಕ್ಕೋ!” ಎಂದಿತು ಫೋನು.

“ಈಗ ಕೋಳೀನೂ ಬಂತಾ?” ಎಂದಳು ಅಮ್ಮ, ಕತ್ತರಿಯನ್ನು ಕೆಳಗಿಡುತ್ತ.

ಕಣ್ಣು ಕಟ್ಟಿಕೊಂಡು ಊರು ಸುತ್ತಿದ ಹಾಗೆ ಆಗುತ್ತಿತ್ತು. ದಾರಿ ಗೊತ್ತಿರುವ ಇನ್ನೊಂದು ಫೋನು ಪಕ್ಕದಲ್ಲಿದ್ದರೆ? ಇದೇ ಕಂಪನಿಯದು, ಇದೇ ಮಾಡೆಲ್?

ಅಂಥದ್ದು ಇಡೀ ಬಿಲ್ಡಿಂಗಿನಲ್ಲಿ ಒಬ್ಬರ ಹತ್ತಿರ ಮಾತ್ರ ಇತ್ತು. ಬುಗುರಿಯ ಉತ್ಸಾಹ ಜರ್ರನೆ ಇಳಿದುಹೋಯಿತು.

“ಮ್ಯೂಟ್ ಮಾಮ,” ಎಂದಳು.

ಮೂರನೇ ಮಹಡಿಯ ಮಾಮ ರೈಲಿನಲ್ಲಿ ಗಾರ್ಡ್ ಆಗಿ ರಿಟೈರ್ ಆದವರು. ಬಿಲ್ಡಿಂಗಿನ ಗ್ರೂಪಿನಲ್ಲಿ ಯಾರು ಏನೇ ಕೇಳಲಿ, ಅವರಿಂದ ಉತ್ತರ ಇಲ್ಲ. ನೀರು ಬರುವುದಿಲ್ಲ ಅಂದರೂ ಇಲ್ಲ, ಹ್ಯಾಪಿ ಬರ್ತ್‌ಡೇ ಅಂದರೂ ಇಲ್ಲ. ಮ್ಯೂಟ್ ಮಾಮ ಎಂದು ಹೆಸರಿಟ್ಟವಳು ಬುಗುರಿಯೇ. ಅದೀಗ ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು.

ಅಮ್ಮನಿಗೂ ಅವರ ಮೇಲೆ ಸಿಟ್ಟು. ಅವರು ಹೊಲಿಯಲು ಕೊಟ್ಟ ಬಿಳಿ ಶರ್ಟು ಎಷ್ಟೋ ದಿನದಿಂದ ಗೋಡೆಯ ಮೊಳೆಗೆ ನೇತಾಡುತ್ತಿತ್ತು. “ಮೂರು ಸಲ ಮೆಸೇಜ್ ಹಾಕ್ದೆ. ಬರ್ತೀನಿ ಅಂತ ಒಂದು ಮಾತಿಲ್ಲ. ಏನು ಜಂಬ!” ಎಂದು ಅಮ್ಮ ಆಗಾಗ ಶರ್ಟಿಗೇ ಬೈಯುತ್ತಿದ್ದಳು.

ಬುಗುರಿ ಅಮ್ಮನ ಫೋನು ಹಿಡಿದು ಮೇಲೆ ಹತ್ತಿ ಬೆಲ್ ಒತ್ತಿದಳು. ಮಾಮ ಬಾಗಿಲು ತೆರೆದರು. ಬುಗುರಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಮಾಮ ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ, ನಿನ್ನ ಗಾಡಿ ಹಳಿ ತಪ್ಪಿದೆ. ನನ್ನದನ್ನ ನೋಡ್ಕೊಂಡು ಮತ್ತೆ ಹಳಿ ಮೇಲೆ ತರ್ಬೇಕು.”

“ಹೂಂ ಮಾಮ.”

“ಒಳಗೆ ಬಾ.”

ಎರಡು ಫೋನುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಮಾಮನ ಫೋನಿನ ಅಕ್ಷರಗಳು ಇರುವೆ ಸಾಲಿನ ಹಾಗಿದ್ದವು. ಬುಗುರಿಯೇ ಬಗ್ಗಿ, ಕಣ್ಣು ಕಿರಿದು ಮಾಡಿ ಓದಬೇಕಾಯಿತು. ಅದರಲ್ಲಿ ‘ಡಿಸ್‌ಪ್ಲೇ’ ಎಲ್ಲಿದೆಯೋ ಅಮ್ಮನ ಫೋನಿನಲ್ಲಿ ಅದೇ ಜಾಗ ಒತ್ತಿದಳು. ಅದರಲ್ಲಿ ‘ಅಕ್ಷರ ಶೈಲಿ’ ಎಲ್ಲಿದೆಯೋ ಇದರಲ್ಲೂ ಅಲ್ಲೇ. ಕೊನೆಗೆ ಫಾಂಟುಗಳ ಪಟ್ಟಿ ಬಂತು. ಮೊದಲನೆಯದನ್ನು ಒತ್ತಿದ್ದೇ ತಡ, ಅಮ್ಮನ ಫೋನು ಚೌಕಗಳಲ್ಲೇ ಏನೋ ಪ್ರಶ್ನೆ ಕೇಳಿತು. ಕೆಳಗೆ ಎರಡು ಬಟನ್. ಎಡಕ್ಕೂ ಚೌಕ, ಬಲಕ್ಕೂ ಚೌಕ.

ಬುಗುರಿಯ ಬೆರಳು ಗಾಳಿಯಲ್ಲೇ ನಿಂತಿತು. ಒಂದು ವೇಳೆ ಇದು ಎಲ್ಲಾ ಅಳಿಸಿಹಾಕುವ ಬಟನ್ ಆಗಿದ್ದರೆ? ಆ ಮೆಸೇಜೇ ಹೋಗಿಬಿಟ್ಟರೆ? ಅವಳಿಗೆ ನಿಜವಾಗಿಯೂ ಭಯವಾಯಿತು.

“ಸಿಗ್ನಲ್ ಕಾಣದಿದ್ರೆ ನಾವು ಗಾಡಿ ಬಿಡ್ತಿರ್ಲಿಲ್ಲ,” ಎಂದರು ಮಾಮ.

“ಹಾಗಾದ್ರೆ... ನಿಮ್ಮ ಫೋನಲ್ಲಿ ಬೇರೆ ಫಾಂಟ್ ಒತ್ತಿ, ಏನು ಕೇಳತ್ತೆ ಅಂತ ನೋಡ್ಲಾ?”

“ನೋಡು. ಅದೂ ಕೆಟ್ರೆ ಇಬ್ರೂ ಒಟ್ಟಿಗೆ ಕೂತು ಅಳೋಣ.”

ಮಾಮನ ಫೋನೂ ಅದೇ ಪ್ರಶ್ನೆ ಕೇಳಿತು. “ಎಡಗಡೆ ಏನು ಬರ್ದಿದೆ ಓದಿ ಮಾಮ, ನಾನು ಇದನ್ನ ಹಿಡ್ಕೊಂಡಿರ್ತೀನಿ.”

ಮಾಮ ಫೋನನ್ನು ಕೈಗೆತ್ತಿಕೊಂಡರು. ತೋಳು ಎಷ್ಟು ಉದ್ದ ಇತ್ತೋ ಅಷ್ಟು ಚಾಚಿದರು. ತಲೆ ಹಿಂದಕ್ಕೆ ವಾಲಿಸಿದರು. ಆಮೇಲೆ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

“ಕನ್ನಡಕ ಒಳಗಿದೆ. ನೀನೇ ಓದ್ಬಿಡು.”

ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಬುಗುರಿ ಕನ್ನಡಕ ನೋಡಿದಳು. ಆಮೇಲೆ ಫೋನು ನೋಡಿದಳು. ಮೂಲೆಯಲ್ಲಿ ‘ಅಕ್ಷರ ಗಾತ್ರ’ ಅಂತ ಒಂದು ಗೆರೆ ಇತ್ತು. ಅದರ ಮೇಲಿನ ಚುಕ್ಕಿ ಎಡಗಡೆಯ ತುದಿಗೆ ಹೋಗಿ ಕೂತಿತ್ತು.

“ಎಡಗಡೆ ‘ಬೇಡ’. ಬಲಗಡೆ ‘ಬದಲಿಸಿ’,” ಎಂದು ಓದಿದಳು. ಅಮ್ಮನ ಫೋನಿನಲ್ಲಿ ಬಲಗಡೆ ಒತ್ತಿದಳು. ಚೌಕಗಳೆಲ್ಲ ಮಾಯವಾಗಿ ಅಕ್ಷರಗಳು ಬಂದವು. ಮಾಮನ ಫೋನಿನಲ್ಲಿ ಮರೆಯದೆ ‘ಬೇಡ’ ಒತ್ತಿದಳು. ಬುಗುರಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಕುಣಿಯಲಿಲ್ಲ.

“ಮಾಮ, ನಿಮ್ಮ ಫೋನು ಚಿಕ್ಕ ಅಕ್ಷರದಲ್ಲಿ ಸಿಕ್ಕಾಕೊಂಡಿದೆ. ಸರಿ ಮಾಡ್ಲಾ?”

ಮಾಮ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. “ಫೋನಿನ ತೊಂದ್ರೆನಾ ಅದು?”

“ಹೂಂ. ಫೋನಿಂದೇ.”

“ಹಾಗಾದ್ರೆ ಮಾಡು.”

ಬುಗುರಿ ಚುಕ್ಕಿಯನ್ನು ಬಲಕ್ಕೆ ಎಳೆದಳು. ಮಾಮ ಫೋನನ್ನು ಮಾಮೂಲಿಯಾಗಿ ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಪದವನ್ನು ಜೋರಾಗಿ ಓದಿದರು. “ಮಾಮ, ನಿಮ್ಮ... ಶರ್ಟು ರೆಡಿ ಇದೆ. ಬಂದು ತಗೊಂಡು ಹೋಗಿ. ಇದು ನಿಮ್ಮಮ್ಮ ಕಳ್ಸಿದ್ದಾ? ಯಾವತ್ತು?”

“ಆಗ್ಲೇ ತುಂಬಾ ದಿನ ಆಯ್ತು.”

“ಇನ್ನೂ ಆಗಿಲ್ಲ ಅಂದ್ಕೊಂಡಿದ್ದೆ. ಕೇಳಿದ್ರೆ ಅವಸರ ಮಾಡ್ದಂಗೆ ಆಗತ್ತಲ್ಲ ಅಂತ ಸುಮ್ನಿದ್ದೆ,” ಎಂದರು ಮಾಮ. ಅಷ್ಟು ಹೇಳಿ ಮುಂದಿನ ಮೆಸೇಜಿಗೆ ಹೋದರು.

ಬುಗುರಿ ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿದಳು. ಅಮ್ಮ ಮೆಸೇಜು ಓದಿದಳು. ತೋಳು ಎರಡು ಇಂಚು ಕಮ್ಮಿ ಮಾಡಬೇಕು, ಸೊಂಟ ಒಂದು ಇಂಚು ಸಡಿಲ ಮಾಡಬೇಕು.

“ನಾನು ಇದನ್ನೇ ತಿರುಗಾಮುರುಗಾ ಮಾಡೋಳಿದ್ದೆ,” ಎಂದು ಅಮ್ಮ ಕತ್ತರಿ ಎತ್ತಿಕೊಂಡಳು.

ಮಷೀನು ಗರಗರ ಓಡತೊಡಗಿದಾಗ ಫೋನು ಕೂಗಿತು. ಕೊಕ್ಕೊಕ್ಕೋ! ಗ್ರೂಪಿನಲ್ಲಿ ಮೂರನೇ ಮಹಡಿಯ ಮಾಮ: ‘ಆಗಲಿ, ನೀರು ಹಿಡಿದಿಟ್ಟುಕೊಳ್ಳುತ್ತೇನೆ.’

“ಯಾವ ನೀರು?” ಎಂದಳು ಅಮ್ಮ. “ಟ್ಯಾಂಕ್ ತೊಳ್ದು ಎಷ್ಟು ಕಾಲ ಆಯ್ತು!”

ಕೊಕ್ಕೊಕ್ಕೋ! ‘ಮಗುವಿಗೆ ಹುಟ್ಟುಹಬ್ಬದ ಶುಭಾಶಯ.’ ಕೊಕ್ಕೊಕ್ಕೋ! ‘ಕಳೆದುಹೋದ ಬೆಕ್ಕು ಸಿಕ್ಕಿತೇ?’

ಬೆಕ್ಕು ಸಿಕ್ಕಿ, ಮರಿ ಹಾಕಿ, ಮರಿಗಳೂ ದೊಡ್ಡವಾಗಿದ್ದವು. ಹಳೆಯ ಮೆಸೇಜುಗಳಿಗೆಲ್ಲ ಮಾಮ ಒಂದನ್ನೂ ಬಿಡದೆ ಉತ್ತರ ಬರೆಯುತ್ತಿದ್ದರು.

“ಮ್ಯೂಟ್ ಮಾಮಂಗೆ ಇವತ್ತು ಏನಾಯ್ತೇ? ಮೇಲೆ ಹೋಗಿ ಏನ್ ಮಾಡಿ ಬಂದೆ?”

ಬುಗುರಿ ಬಾಯಿ ತೆರೆದಳು. ಮೂಗಿನ ಮೇಲಿದ್ದ ಕನ್ನಡಕ ನೆನಪಾಯಿತು. ಬಾಯಿ ಮುಚ್ಚಿದಳು.

ಮೊಳೆಯಿಂದ ಬಿಳಿ ಶರ್ಟನ್ನು ತೆಗೆದು, ಕವರಿನ ಮೇಲಿನ ಧೂಳನ್ನು ತನ್ನ ಯೂನಿಫಾರ್ಮಿನ ತೋಳಿನಿಂದಲೇ ಒರೆಸಿದಳು.

“ಗಾರ್ಡ್ ಮಾಮ ಅಂತ ಕರಿ ಅಮ್ಮ,” ಎಂದಳು. “ಇದನ್ನ ಅವ್ರಿಗೆ ಕೊಟ್ಟು ಬರ್ತೀನಿ.”