ಐದು ನಲವತ್ತಕ್ಕೆ ತೆರೆದ ಮುಚ್ಚಳ

ಸರ್ವರಿನ ಮುಚ್ಚಳದ ಲಾಚ್ ಅರ್ಧ ಮಾತ್ರ ಕೂತಿತ್ತು.

ಬುಧವಾರ ಸಂಜೆ ಏಳಕ್ಕೆ ಮನೆಗೆ ಬಂದವನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಹಾಗೆ ಬಿಡುವ ಅಭ್ಯಾಸ ನನಗಿಲ್ಲ. ಲ್ಯಾಪ್‌ಟಾಪ್ ತೆರೆದು, ಸರ್ವರ್ ತಾನಾಗಿಯೇ ಬರೆದುಕೊಳ್ಳುವ ದಾಖಲೆಯನ್ನು ನೋಡಿದೆ. ಕೊನೆಯಲ್ಲಿ ಎರಡು ಸಾಲು. ಮುಚ್ಚಳ ತೆರೆಯಿತು — ಇಂದಿನ ತಾರೀಖು, 05:40. ಮುಚ್ಚಳ ಮುಚ್ಚಿತು — 05:52.

ಎಂದಿನಂತೆ ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಮುಚ್ಚಳ ಎತ್ತಿದೆ. ಒಳಗಿದ್ದ ಎರಡು ಸಣ್ಣ ಡಿಸ್ಕ್‌ಗಳು ಇರಲಿಲ್ಲ.

"ಬಿಂದು, ಬೆಳಿಗ್ಗೆ ಐದೂ ನಲ್ವತ್ತಕ್ಕೆ ಎದ್ದಿದ್ಯಾ?"

"ಇಲ್ವಲ್ಲ. ಆರೂವರೆ ಅಲಾರಂಗೆ ಇಬ್ರೂ ಎದ್ದಿದ್ದು." ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಬಿಂದುಶ್ರೀ ಅಡುಗೆಮನೆಯಿಂದ ಇಣುಕಿದಳು. "ಯಾಕೆ? ಮುಖ ಯಾಕಂಗಿದೆ?"

ಹೇಳಿದೆ. ಅವಳು ಸರ್ವರಿನ ಕಡೆ ತಿರುಗಲೂ ಇಲ್ಲ. ನೇರ ಬಾಗಿಲನ್ನು ನೋಡಿದಳು.

"ಒಳಗಡೆಯಿಂದ ಚಿಲಕ ಹಾಕಿತ್ತು, ಸಿದ್ದು. ಹಾಲು ತರೋಕೆ ನಾನೇ ತೆಗ್ದಿದ್ದು."

ಲಗ್ಗೆರೆಯ ನಮ್ಮ ಮಹಡಿ ಮನೆಗೆ ಇರುವುದು ಒಂದೇ ಬಾಗಿಲು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಸರ್ವರ್ ಇರುವ ಹಜಾರಕ್ಕೂ ನಾವು ಮಲಗುವ ಕೋಣೆಗೂ ನಡುವೆ ಒಂದು ಪರದೆ, ಅಷ್ಟೇ.

ಮಂಚದ ಕೆಳಗೆ ನೋಡಿದೆವು. ಅಟ್ಟದ ಮೇಲೆ, ಬಚ್ಚಲಿನಲ್ಲಿ, ಬೀರುವಿನ ಹಿಂದೆ ನೋಡಿದೆವು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹೆದರಿಕೆ ಇಳಿಯಬೇಕಿತ್ತು, ಏರಿತು. ಹೊರಗಿನಿಂದ ಯಾರೂ ಬರಲು ಸಾಧ್ಯವಿರಲಿಲ್ಲ. ಒಳಗಿದ್ದವರು ಇಬ್ಬರೇ.

ನಾನು ಪೀಣ್ಯದಲ್ಲಿ, ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಒಂದು ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಒಂದು ಯಂತ್ರದೊಳಗೆ ಹತ್ತು ಯಂತ್ರಗಳನ್ನು ನಡೆಸುವ ವರ್ಚುವಲೈಸೇಷನ್ ಕಲಿತರೆ ಒಳ್ಳೆಯ ಕಡೆ ಸೇರಬಹುದೆಂದು, ಎರಡು ವಾರದ ಹಿಂದೆ ಪೀಣ್ಯದ ಗುಜರಿ ವ್ಯಾಪಾರಿ ಭರಮಪ್ಪನವರಿಂದ ಈ ಹಳೆಯ ರ‍್ಯಾಕ್ ಸರ್ವರ್ ಕೊಂಡಿದ್ದೆ. ಅಂಗಡಿ ತೋರಿಸಿದವನು ಕಾಲೇಜಿನ ಗೆಳೆಯ ಲೋಕೇಶ್. ಬೊಮ್ಮಸಂದ್ರದಲ್ಲಿ ಕಂಪನಿಗಳ ಹಳೆ ಕಂಪ್ಯೂಟರ್ ವಿಲೇವಾರಿ ಮಾಡುವ ಕಡೆ ಅವನ ಕೆಲಸ. ಇಪ್ಪತ್ತೈದು ಕೆಜಿ ಕಬ್ಬಿಣವನ್ನು ನನ್ನೊಡನೆ ಮೆಟ್ಟಿಲು ಹತ್ತಿಸಿದವನೂ ಅವನೇ. ಮುಂಭಾಗಕ್ಕೆ ನಾನು ಹೊಸ ಡಿಸ್ಕ್ ಹಾಕಿದ್ದೆ. ಮುಚ್ಚಳದ ಒಳಗೆ ಹಳೆಯವು ಎರಡು ಉಳಿದಿವೆಯೆಂದು ಗೊತ್ತಾದದ್ದು ಈ ಸೋಮವಾರ.

ಅವನಿಗೇ ಫೋನ್ ಮಾಡಿದೆ.

"ಐದೂ ನಲ್ವತ್ತಾ? ಆಗ ನಾನು ಬೊಮ್ಮಸಂದ್ರದ ಬಸ್ಸಲ್ಲಿದ್ದೆ ಮಗಾ. ಚಿಲಕ ಒಳಗಡೆಯಿಂದ ಹಾಕಿತ್ತು ಅಂತೀಯಾ?" ಲೋಕೇಶ್ ದನಿ ತಗ್ಗಿಸಿದ. "ಬೇಜಾರ್ ಮಾಡ್ಕೋಬೇಡ ಗುರು. ಆ ಡಬ್ಬ ಕಂಡ್ರೆ ಬಿಂದುಗೆ ಆಗಲ್ಲ ತಾನೆ? ಪೊಲೀಸ್ ಅಂತೆಲ್ಲ ಹೋಗ್ಬೇಡ. ಮನೇಲೇ ಮೆಲ್ಲಗೆ ಕೇಳಿ ನೋಡು."

ಕೇಳಿದೆ. ಮೆಲ್ಲಗೇ ಕೇಳಿದೆ.

ಬಿಂದು ಸೌಟು ಕೆಳಗಿಟ್ಟಳು. "ನಾನೂ ಅದೇ ಯೋಚ್ನೆ ಮಾಡ್ತಿದ್ದೆ. ನೀನೇ ತೆಗೆದಿಟ್ಟು, ನನ್ನ ಹೆದರಿಸ್ತಿದ್ದೀಯೇನೋ ಅಂತ."

ಆ ರಾತ್ರಿ ಒಂದೇ ಮಂಚದಲ್ಲಿ ಇಬ್ಬರೂ ಕಣ್ಣು ಮುಚ್ಚದೆ ಮಲಗಿದ್ದೆವು. ನಾನು ಮಗ್ಗುಲು ಬದಲಿಸಿದಾಗಲೆಲ್ಲ ಅವಳು ಉಸಿರು ಹಿಡಿಯುತ್ತಿದ್ದಳು. ನನ್ನನ್ನು ಕಂಡೇ ಅವಳಿಗೆ ಭಯ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಬ್ಯಾಗು ಹಿಡಿದು ಇಳಿಯುತ್ತಿದ್ದ ಬಿಂದುವನ್ನು ಧನಲಕ್ಷ್ಮಮ್ಮ ಮೆಟ್ಟಿಲಲ್ಲೇ ತಡೆದರು. ಅವರು ಮನೆ ಮಾಲೀಕರು. ಕೆಳಗಡೆ ನಾಲ್ಕು ಲೇತ್ ಯಂತ್ರ ಇಟ್ಟು, ಕಬ್ಬಿಣ ಕಡೆಯುವ ಟರ್ನಿಂಗ್ ಕೆಲಸ ಮಾಡಿಸುತ್ತಾರೆ. ಅಳತೆ ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚಾದರೂ ಕೆಲಸಗಾರರ ಗ್ರಹಚಾರ ಬಿಡಿಸುವ ಹೆಂಗಸು.

"ಎಲ್ಲಿಗೆ ಕಣವ್ವ, ಶಾಲೆ ಚೀಲ ಅಲ್ವಲ್ಲ ಇದು?"

"ದೊಡ್ಡನೆಕ್ಕುಂದಿಗೆ, ಅಮ್ಮನ ಮನೆಗೆ."

"ಒಳಗ್ ನಡಿ. ಕಣ್ಣು ಕೆಂಡ ಆಗವೆ. ಏನಾತು ಹೇಳು ಮೊದ್ಲು."

ಬಿಂದುವೇ ಎಲ್ಲ ಹೇಳಿದಳು. ಧನಲಕ್ಷ್ಮಮ್ಮ ಮೇಲೆ ಬಂದು ಚಿಲಕವನ್ನು ಎರಡು ಸಲ ಎಳೆದು ನೋಡಿದರು. ಸರಳುಗಳನ್ನು ಅಲ್ಲಾಡಿಸಿದರು. ಕನ್ನಡಕ ಹಾಕಿಕೊಂಡು ನನ್ನ ಲ್ಯಾಪ್‌ಟಾಪಿನ ಮುಂದೆ ಕೂತರು.

"ಆ ಎಲ್ಡು ಸಾಲು ಬಿಡು. ಅದರ ಮ್ಯಾಗಿಂದು ಏನು?"

"ಮಂಗಳವಾರದ್ದು ಆಂಟಿ. ಕರೆಂಟ್ ಹೋಗಿ ಬಂದಾಗ ಯಂತ್ರ ಬರ್ಕೊಂಡಿದ್ದು. 08:55."

"ಸುಳ್ಳು."

"ಯಂತ್ರ ಯಾಕೆ ಸುಳ್ಳು ಹೇಳುತ್ತೆ?"

ಅವರು ಕೆಳಗಿಳಿದು, ಎಣ್ಣೆ ಮೆತ್ತಿದ ಒಂದು ಪುಸ್ತಕ ತಂದರು. ಲೇತ್ ಓಡುವಾಗ ಕರೆಂಟ್ ಹೋದರೆ ಕಚ್ಚಿದ ಜಾಗದಲ್ಲೇ ಟೂಲ್ ನಿಂತು, ಕಡೆಯುತ್ತಿರುವ ತುಂಡಿಗೆ ಗೆರೆ ಬೀಳುತ್ತದೆ. ಆ ತುಂಡು ಕೆಟ್ಟದ್ದು ಕೆಲಸಗಾರನಿಂದಲೋ ಕರೆಂಟಿನಿಂದಲೋ ಎಂಬ ಜಗಳ ಬೇಡವೆಂದು, ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ನಿಮಿಷ ಬಿಡದೆ ಬರೆಸುತ್ತಾರೆ.

"ಓದು. ಮಂಗ್ಳಾರ."

"ಹೋದದ್ದು ಒಂದು ಐವತ್ತು. ಬಂದದ್ದು ಎರಡು ಇಪ್ಪತ್ತೈದು. ಮಧ್ಯಾಹ್ನ."

"ಬೆಳಗಿಂದ ಬ್ಯಾರೆ ಐತಾ?"

ಇರಲಿಲ್ಲ.

"ಆದ್ರೆ ಗಡಿಯಾರ ನಾನೇ ಸೆಟ್ ಮಾಡಿದ್ದು ಆಂಟಿ. ತಂದ ದಿನಾನೇ, ಮೊಬೈಲ್ ಎದುರಿಗಿಟ್ಕೊಂಡು—"

"ನೀನು ನಿಗಾ ಇಟ್ಟು ಮಾಡೋನೇ ಕಣಪ್ಪ. ಅದ್ಕೇ ಮೋಸ ಹೋಗಿದೀಯ. ಈಗ ಡಬ್ಬ ಓಡ್ತಿರೋವಾಗ್ಲೇ ಮುಚ್ಚಳ ತೆಗಿ."

"ಓಡುವಾಗ ನಾನು ಯಾವತ್ತೂ—"

"ಕಳ್ಳ ನಿನ್ ಥರ ಆರಿಸಿ, ಪ್ಲಗ್ ಕಿತ್ತು, ಕೈ ತೊಳ್ಕೊಂಡು ತೆಗ್ದಿರ್ತಾನಾ? ತೆಗಿ."

ಸರ್ವರ್ ಆನ್ ಮಾಡಿದೆ. ಅದು ಪೂರ್ತಿ ಎದ್ದು ಫ್ಯಾನ್‌ಗಳ ಸದ್ದು ತಗ್ಗುವವರೆಗೆ ಕಾದು, ಲಾಚ್ ಎತ್ತಿದೆ.

ಆರು ಫ್ಯಾನ್‌ಗಳೂ ಒಟ್ಟಿಗೆ ಅರಚಿದವು. ಕಿಟಕಿಯ ಗಾಜು ಅದುರಿತು. ಬಿಂದು ಎರಡೂ ಕಿವಿ ಮುಚ್ಚಿಕೊಂಡಳು. ಎದುರು ಮನೆಯಿಂದ ಯಾರೋ "ಏನ್ರೀ ಅದು!" ಎಂದು ಕೂಗಿದರು. ಮುಚ್ಚಳ ತೆರೆದಾಗ ಗಾಳಿಯ ದಾರಿ ತಪ್ಪುತ್ತದೆ. ಒಳಗಿನದು ಸುಟ್ಟುಹೋಗದಿರಲೆಂದು ಸರ್ವರ್ ಫ್ಯಾನ್‌ಗಳನ್ನು ಪೂರ್ಣ ವೇಗಕ್ಕೆ ಏರಿಸುತ್ತದೆ. ಪುಸ್ತಕದಲ್ಲಿ ಓದಿದ್ದೆ. ಕಿವಿಯಾರೆ ಕೇಳಿರಲಿಲ್ಲ.

ಮುಚ್ಚಿದೆ. ಮೌನ.

"ಇದು ಹನ್ನೆರಡು ನಿಮಿಷ ಅರಚ್ತು. ಬೆಳಗಿನ್ ಜಾವ. ಪರದೆ ಆಚೆ ನೀವಿಬ್ರೂ ನಿದ್ದೆ ಮಾಡ್ತಿದ್ರಿ. ಕೆಳಗೆ ನಾನೂ ಮಲಗಿದ್ದೆ. ಯಾರಿಗೂ ಎಚ್ಚರ ಆಗ್ಲಿಲ್ಲ. ನಂಬಾನಾ?" ಧನಲಕ್ಷ್ಮಮ್ಮ ಪರದೆಯ ಕಡೆ ಕೈ ತೋರಿಸಿದರು. "ಈಗ ತೆಗ್ದಿದ್ದಕ್ಕೆ ಎಷ್ಟು ಗಂಟೆ ಬರ್ಕೊಂಡೈತೆ?"

ನೋಡಿದೆ. ನನ್ನ ಮೊಬೈಲಿನಲ್ಲಿ ಒಂಬತ್ತು ಹನ್ನೊಂದು. ದಾಖಲೆಯಲ್ಲಿ 03:41.

ಐದೂವರೆ ಗಂಟೆ ಹಿಂದೆ.

 ಗಡಿಯಾರ ಹೊಂದಿಸಿದ ಮೇಲೆ ನಾನು ವರ್ಚುವಲೈಸೇಷನ್ ತಂತ್ರಾಂಶ ಹಾಕಿದ್ದೆ. ಅದು ಜಗತ್ತಿನ ಸರ್ವರ್‌ಗಳಲ್ಲೆಲ್ಲ ನಡೆಯುವ ಪದ್ಧತಿಯಂತೆ ಒಳಗಿನ ಗಡಿಯಾರವನ್ನು ಗ್ರೀನಿಚ್ ಸಮಯಕ್ಕೆ ತಿದ್ದಿತ್ತು. ನಾನು ಹೊಂದಿಸಿದ್ದೆ, ಆದ್ದರಿಂದ ಮತ್ತೆ ಪರೀಕ್ಷಿಸಲಿಲ್ಲ. ಬೇರೆಯವರ ಉಪಕರಣಗಳನ್ನು ದಿನವಿಡೀ ಪರೀಕ್ಷಿಸುವವನು ನಾನು.

"ಹಾಗಾದ್ರೆ ಮುಚ್ಚಳ ತೆರೆದದ್ದು ನಿನ್ನೆ ಹನ್ನೊಂದೂ ಹತ್ತಕ್ಕೆ," ಎಂದಳು ಬಿಂದು. "ಇಬ್ರೂ ಕೆಲಸದಲ್ಲಿದ್ವಿ."

"ಕೆಳಗೆ ನಾಲ್ಕೂ ಲೇತ್ ಓಡ್ತಿದ್ವು. ಮ್ಯಾಗಡೆ ರಾಕ್ಷಸ ಅರಚಿದ್ರೂ ನಂಗ್ ಕೇಳ್ತಿರ್ಲಿಲ್ಲ. ಚಿಲಕದ ಮಾತೇ ಬರಲ್ಲ ಈಗ. ಹಗಲು ಬೀಗ ತಾನೆ? ಬೀಗದ ಕೈ ಎಲ್ಲಿಡ್ತೀರಿ?"

"ಮೆಟ್ಟಿಲ ಕೆಳಗೆ, ಮೀಟರ್ ಡಬ್ಬಿಯೊಳಗೆ."

"ಯಾರ್ಯಾರಿಗೆ ಗೊತ್ತು?"

"ನಮಗೆ, ನಿಮಗೆ." ಬಿಂದು ನನ್ನತ್ತ ತಿರುಗಿದಳು. "ಸರ್ವರ್ ತಂದ ದಿನ ನಾನು ಶಾಲೆಯಲ್ಲಿದ್ದೆ. ಬಾಗಿಲು ತೆಗೆದವರು ಯಾರು ಸಿದ್ದು?"

ನನ್ನ ಎರಡೂ ಕೈ ಸರ್ವರಿನ ಕೆಳಗಿದ್ದವು. ಮೀಟರ್ ಡಬ್ಬಿಯಿಂದ ಬೀಗದ ಕೈ ತೆಗೆದವನು—

"ಮಾರಿದ ಭರಮಪ್ಪನೂ ಇರ್ಬೋದಲ್ಲ?" ಎಂದೆ. 

"ಅವನಿಗೆ ನಿನ್ ಮನೆ ಯಾವ ಬೀದಿ ಅಂತ ಗೊತ್ತಾ?" ಎಂದರು ಧನಲಕ್ಷ್ಮಮ್ಮ. "ಡಿಸ್ಕಲ್ಲಿ ಏನಿತ್ತು, ಯಾರಿಗೆ ಹೇಳಿದ್ದೆ?"

"ಯಾವುದೋ ರಕ್ತಪರೀಕ್ಷೆ ಲ್ಯಾಬಿನ ವರದಿಗಳು. ಸಾವಿರಾರು ಜನರ ಹೆಸರು, ಫೋನ್ ನಂಬರು, ಕಾಯಿಲೆ. ಸೋಮವಾರ ಹೇಳಿದ್ದೆ... ಒಬ್ಬನಿಗೇ."

"ಆ ಲೋಕೇಶನ ಕಂಪನಿ ಕೆಲ್ಸ ಏನು?"

"ಹಳೆ ಡಿಸ್ಕ್‌ಗಳನ್ನ ಪುಡಿ ಮಾಡೋದು. ಮಾಡಿದ್ದೀವಿ ಅಂತ ಸರ್ಟಿಫಿಕೇಟ್ ಕೊಡೋದು. ಆಮೇಲೆ ಖಾಲಿ ಡಬ್ಬನ ಭರಮಪ್ಪನಂಥ ಗುಜರಿಯೋರಿಗೆ ಮಾರೋದು."

"ಈ ಡಬ್ಬದ ಸರ್ಟಿಫಿಕೇಟಿಗೆ ಸೈನ್ ಹಾಕ್ದೋನು ಯಾರು ಅಂತ ಕೇಳು. ಸ್ಪೀಕರ್ ಹಾಕು."

ಮೂರನೇ ರಿಂಗಿಗೆ ಲೋಕೇಶ್ ಎತ್ತಿದ. "ಏನ್ ಮಗಾ, ಬಿಂದು ಒಪ್ಕೊಂಡ್ಳಾ?"

ಬಿಂದು ಫೋನಿನತ್ತ ಬಾಗಿದಳು. "ಲೋಕೇಶ್, ನಿನ್ನೆ ಹನ್ನೊಂದೂ ಹತ್ತಕ್ಕೆ ನಮ್ಮನೇಲಿ ಏನ್ ಮಾಡ್ತಿದ್ರಿ?"

ಆ ಕಡೆ, ಹಿಂದೆ ಎಲ್ಲೋ ಬಸ್ಸಿನ ಹಾರ್ನ್.

"ನಿನ್ನೆ ಹಾಜರಿ ಹಾಕಿ ವಾಪಸ್ ಬಂದೆ," ಎಂದ ಲೋಕೇಶ್. "ಒಳಗೆ ಇನ್ನೆರಡು ಡಿಸ್ಕ್ ಇರುತ್ತೆ ಅಂತ ನಂಗ್ ಗೊತ್ತಿರ್ಲಿಲ್ಲ ಕಣೋ. ಮುಂದಿರೋ ಡಿಸ್ಕ್ ಅಷ್ಟೇ ಪುಡಿ ಮಾಡಿ ಎಲ್ಲಕ್ಕೂ ಸೈನ್ ಹಾಕ್ಬಿಟ್ಟಿದ್ದೆ. ನೀನು ಹೆಸರುಗಳು ಅಂದಾಗ ಜೀವ ಹೋದಂಗಾಯ್ತು. ಅವು ನನ್ ಹತ್ರಾನೇ ಇವೆ. ದಯವಿಟ್ಟು—"

"ಐದೂ ನಲ್ವತ್ತು ಅಂದಾಗ ನಿನಗೆ ಗೊತ್ತಾಗ್ಲಿಲ್ವಾ, ಗಡಿಯಾರ ತಪ್ಪು ಅಂತ?" ಎಂದೆ.

"ಗೊತ್ತಾಯ್ತು."

"ಗೊತ್ತಿದ್ದೂ ಅವಳ ಹೆಸರು ಹೇಳಿದೆ."

ಅವನು ಫೋನ್ ಇಟ್ಟುಬಿಟ್ಟ.

"ಕಳ್ಳ ಅವನೇ, ಸರಿ," ಎಂದರು ಧನಲಕ್ಷ್ಮಮ್ಮ. "ಆ ಲ್ಯಾಬಿನೋರಿಗೂ, ಪೊಲೀಸ್ನೋರಿಗೂ ಇವತ್ತೇ ಹೇಳು. ಅವರಿವರ ಕಾಯ್ಲೆ ಬೀದೀಲಿ ಸುತ್ತೋದು ಬ್ಯಾಡ." ಪುಸ್ತಕವನ್ನು ಕಂಕುಳಿಗಿಟ್ಟು ಇಳಿದುಹೋದರು.

ಬಿಂದು ಬ್ಯಾಗನ್ನು ಎತ್ತಿಕೊಂಡಳು.

"ಇನ್ನೂ ಹೋಗ್ತೀಯಾ? ಎಲ್ಲ ಗೊತ್ತಾಯ್ತಲ್ಲ."

"ಗೊತ್ತಾಯ್ತು. ಅವನು ಒಂದ್ ಮಾತು ಹೇಳಿದ್ದಕ್ಕೆ ನೀನು ನನ್ನ ಕೇಳಿದೆ. ನನಗೆ ಯಾರೂ ಏನೂ ಹೇಳ್ಲಿಲ್ಲ. ಆದ್ರೂ ರಾತ್ರಿಯೆಲ್ಲ ನಿನಗೆ ಹೆದರ್ಕೊಂಡು ಮಲಗಿದ್ದೆ." ಅವಳು ಬಾಗಿಲ ಕಡೆ ತಿರುಗಿದಳು. "ಎರಡು ದಿನ ನಿದ್ದೆ ಮಾಡಿ ಬರ್ತೀನಿ ಸಿದ್ದು."

"ಬರ್ತೀಯಾ?"

"ಭಾನುವಾರ. ಬಸ್ ಸ್ಟಾಪಿಗೆ ನೀನೇ ಬಾ."

ಬ್ಯಾಗಿಗೆ ಕೈ ಚಾಚಿದೆ. ಒಂದು ಕ್ಷಣ ಬಿಗಿಹಿಡಿದಿದ್ದಳು. ಆಮೇಲೆ ಬಿಟ್ಟಳು.