ಶೆಡ್ಡಿನೊಳಗೆ ಎದ್ದ ಅಲೆ

ಫ್ರೀಮ್ಯಾಂಟಲ್ ಬಂದರಿನಲ್ಲಿ ಕಡಲ ಅಲೆ ಎಷ್ಟೆತ್ತರ ಏಳಬಹುದೆಂದು ಲೆಕ್ಕ ಹಾಕುವುದು ನನ್ನ ಕೆಲಸ; ನಾನು ಭೂತಪ್ರೇತ ನಂಬುವವನಲ್ಲ. ಆ ಮಧ್ಯಾಹ್ನ ಪರದೆಯಲ್ಲಿ ಹದಿನೆಂಟು ಮೀಟರಿನ ಅಲೆಯೊಂದು ಎದ್ದಿತು. ಆ ಅಳತೆ ಕಳಿಸಿದ್ದು, ರಿಪೇರಿಗೆಂದು ದಡಕ್ಕೆ ತಂದು ಶೆಡ್ಡಿನಲ್ಲಿ ಕಟ್ಟಿಹಾಕಿದ್ದ, ಅಲೆ ಅಳೆಯುವ ತೇಲುಗೋಳ.

“ಟ್ಯಾಮ್ಸಿನ್, ನಿಂದೇ ಕಿತಾಪತಿ ತಾನೆ?” ಎಂದು ಸಹೋದ್ಯೋಗಿಯನ್ನು ಗದರಿದೆ.

“ನಿನ್ನೆದುರೇ ಪೈ ತಿಂತಾ ಕೂತಿದ್ದೀನಲ್ಲೋ!”

ನನಗೆ ನಂಬಿಕೆ ಬರಲಿಲ್ಲ. ಅವಳನ್ನು ಎಳೆದುಕೊಂಡೇ ಶೆಡ್ಡಿಗೆ ಹೋದೆ. ಹೊರಗೆ ಬೆಂಕಿಯಂಥ ಬಿಸಿಲು. ಗೋಳ ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿತ್ತು.

“ಯಂತ್ರದ ತಪ್ಪು ಅಂತ ಅಳಿಸಿಬಿಡು,” ಎಂದಳು. ನಂಬಲಾಗದ ಅಲೆಗಳನ್ನು ನಾವು ಅಳಿಸುವುದೇ ಹಾಗೆ.

“ನಿನ್ನ ತಮ್ಮ ಕೆಲಸ ಮಾಡೋ ಕಡಲ ನಡುವಿನ ತೈಲಬಾವಿ ಅಟ್ಟ ನಿಂತಿರೋದು ನಮ್ಮ ಲೆಕ್ಕ ನಂಬ್ಕೊಂಡೇ ಕಣೆ.”

ಅವಳು ಮೇಲೆ ನೋಡುತ್ತಿದ್ದಳು. ನಾನೂ ಕತ್ತೆತ್ತಿದೆ. ಕಾದ ತಗಡಿನ ಸೂರಿನಿಂದ ನನ್ನ ತುಟಿಗೊಂದು ಹನಿ ಬಿತ್ತು. ಕಡಲ ನೀರಿನಂತೆ ಉಪ್ಪುಪ್ಪಾಗಿತ್ತು.